ಹಾಕಿಸಲಾಗದ ಅರ್ಜಿ

ನಮ್ಮ ಕಡೆ ಕಾಲೇಜಿಗೆ ಅರ್ಜಿ ಹಾಕುವವರು ಕಡಿಮೆ, ಹಾಕಿಸುವವರೇ ಜಾಸ್ತಿ. ಸಿಇಟಿ ಅರ್ಜಿಯ ದಿನಗಳಲ್ಲಿ ಬೆಳ್ಳಾವಿಯಿಂದ ತುಮಕೂರಿಗೆ ಹೊರಟ ಬಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಕೂತವರು ಹೇಳುವ ಮಾತು ಒಂದೇ: ‘ಸೈಬರಿಗೆ ಹೋಗಿ ಅಪ್ಲಿಕೇಶನ್ ಹಾಕಿಸ್ಬೇಕು.’ ಆ ‘ಇಸು’ ಪ್ರತ್ಯಯದಲ್ಲೇ ನಮ್ಮ ಇಡೀ ಪದ್ಧತಿ ಅಡಗಿದೆ. ಅರ್ಜಿ ಬೇರೆಯವರು ತುಂಬುವ ಕಾಗದ, ನಾವು ವಿವರ ಒದಗಿಸಿದರೆ ಸಾಕು ಎಂಬುದು ಅದರ ಅರ್ಥ. ಪರೀಕ್ಷಾ ಪ್ರಾಧಿಕಾರದ ಅರ್ಜಿಗೆ ಇದು ಒಗ್ಗುತ್ತದೆ. ಅದು ಕೇಳುವುದೆಲ್ಲ ಯಾವುದಾದರೊಂದು ಕಾಗದದ ಮೇಲೆ ಮೊದಲೇ ಅಚ್ಚಾಗಿದೆ: ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದ್ದಕ್ಕೆ ಬಿಇಒ ರುಜು, ಕನ್ನಡ ಮಾಧ್ಯಮದ ದಾಖಲೆ. ಆದರೆ ಅರ್ಜಿಯಲ್ಲೇ ಒಂದು ಪ್ರಬಂಧ ಬರೆಯಿರಿ ಎಂದು ಕೇಳುವ ಕಾಲೇಜು ಎದುರಾದಾಗ ಈ ಅಭ್ಯಾಸ ಕೈಕೊಡುತ್ತದೆ. ಕೈಕೊಡುವುದು ಎಲ್ಲರೂ ಅಂದುಕೊಳ್ಳುವ ಕಡೆ, ಅಂದರೆ ಇಂಗ್ಲಿಷಿನಲ್ಲಿ ಅಲ್ಲ. ಅದಕ್ಕಿಂತ ಮೊದಲು, ಪ್ರಬಂಧದ ಮೇಲೆ ಸಣ್ಣ ಅಕ್ಷರದಲ್ಲಿ ಕೊಟ್ಟ ಸೂಚನೆಯ ನಾಲ್ಕು ಸಾಲಿನಲ್ಲೇ.

ಇಂಥ ಅರ್ಜಿಗಳು ನಮಗೆಲ್ಲಿ ಬರುತ್ತವೆ ಎಂದು ಕೇಳುವವರಿಗೆ ಕೆಲವು ಉದಾಹರಣೆ ಸಾಕು. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ಮೂರು ವರ್ಷದ ಎಲ್‌ಎಲ್‌ಬಿಗೆ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಎರಡನೆಯ ಭಾಗ ಪೂರ್ತಿ ಬರೆದು ಉತ್ತರಿಸುವಂಥದ್ದು. ಬನ್ನೇರುಘಟ್ಟ ರಸ್ತೆಯ ಐಐಎಂ ಎಂಬಿಎ ಆಯ್ಕೆಯಲ್ಲಿ ಬರವಣಿಗೆಯ ಪರೀಕ್ಷೆಯನ್ನು ಬಳಸುತ್ತ ಬಂದಿದೆ. ದೇಶದ ಹಲವು ಖಾಸಗಿ ವಿಶ್ವವಿದ್ಯಾಲಯಗಳು ಪದವಿಗೇ ಪ್ರಬಂಧ ಕೇಳುತ್ತವೆ. ಹೊರದೇಶದ ಮಾತೇ ಬೇರೆ. ಅಮೆರಿಕದಲ್ಲಿ ಸಾವಿರಕ್ಕೂ ಮೀರಿದ ಕಾಲೇಜುಗಳಿಗೆ ಒಟ್ಟಾಗಿ ಅರ್ಜಿ ಹಾಕುವ ‘ಕಾಮನ್ ಆ್ಯಪ್’ ಒಂದು ಪ್ರಬಂಧ ಬೇಡುತ್ತದೆ: 250 ಪದಕ್ಕೆ ಕಡಿಮೆಯಿಲ್ಲ, 650ಕ್ಕೆ ಮೀರುವಂತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಂಟು ಪ್ರಶ್ನೆ ಕೊಟ್ಟು ನಾಲ್ಕನ್ನು ಆರಿಸಿಕೊಳ್ಳಿ ಎನ್ನುತ್ತದೆ, ಒಂದೊಂದಕ್ಕೂ 350 ಪದದ ಮಿತಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಪಡೆಯುವ ಸಂಸ್ಥೆ ‘ಯುಕಾಸ್’ 2026ರ ಪ್ರವೇಶದಿಂದ ಹಳೆಯ ಒಂದೇ ದೊಡ್ಡ ಹೇಳಿಕೆಯನ್ನು ಮೂರು ಪ್ರಶ್ನೆಗಳಾಗಿ ಒಡೆದಿದೆ. ಮೂರೂ ಸೇರಿ 4,000 ಅಕ್ಷರ, ಒಂದೊಂದೂ ಕನಿಷ್ಠ 350 ಅಕ್ಷರ. ಇಲ್ಲಿ ಎಣಿಕೆ ಪದಗಳದ್ದಲ್ಲ, ಅಕ್ಷರಗಳದ್ದು. ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಇಷ್ಟು ಓದಿದಾಗಲೇ ಒಂದು ವಿಷಯ ಕಣ್ಣಿಗೆ ಬೀಳಬೇಕು. ಒಂದು ಕಡೆಗೆ ಬರೆದದ್ದನ್ನು ಇನ್ನೊಂದು ಕಡೆಗೆ ಹಾಗೇ ಅಂಟಿಸಲು ಬರದಂತೆ ಈ ಮೂರೂ ಸೂಚನೆಗಳಿವೆ.

ಸೂಚನೆ ಎಂದರೆ ಕಚೇರಿಯವರ ಕಿರಿಕಿರಿ, ಪ್ರಶ್ನೆಯೇ ಮುಖ್ಯ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ನನ್ನ ವಾದ ಇದಕ್ಕೆ ಉಲ್ಟಾ: ಪ್ರವೇಶದ ಪ್ರಬಂಧದಲ್ಲಿ ಸೂಚನೆಯೇ ಪ್ರಶ್ನೆಯ ಮೊದಲರ್ಧ. ಇದನ್ನು ಒಪ್ಪಲು ಹೊರದೇಶಕ್ಕೆ ಹೋಗಬೇಕಿಲ್ಲ. ಸಿಇಟಿ ಕೊಠಡಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಇದು ಗೊತ್ತಿರುವ ಸಂಗತಿಯೇ. 60 ಪ್ರಶ್ನೆಗೆ 80 ನಿಮಿಷ ಕೊಟ್ಟರೂ ಉತ್ತರಿಸಲು ಸಿಗುವುದು 70 ನಿಮಿಷ. ಮಿಕ್ಕ ಹತ್ತು ನಿಮಿಷ ಒಎಂಆರ್ ಹಾಳೆಯ ವಿವರ ತುಂಬಲು, ವರ್ಷನ್ ಕೋಡ್ ನೋಡಿ ವೃತ್ತ ಕಪ್ಪು ಮಾಡಲು. ಮೂರನೇ ಬೆಲ್ ಆಗುವವರೆಗೆ ಪ್ರಶ್ನೆಪತ್ರಿಕೆಯ ಸೀಲ್ ಒಡೆಯುವಂತಿಲ್ಲ. ವರ್ಷನ್ ಕೋಡ್ ತಪ್ಪಿದರೆ ಭೌತಶಾಸ್ತ್ರ ಅರೆದು ಕುಡಿದಿದ್ದರೂ ಏನೂ ಪ್ರಯೋಜನವಿಲ್ಲ. ಯಂತ್ರ ಬೇರೆಯೇ ಉತ್ತರಪಟ್ಟಿಗೆ ಹೋಲಿಸಿ ನೋಡುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಇಷ್ಟೆಲ್ಲ ಶಿಸ್ತು ಕಲಿತ ಮಕ್ಕಳು ಪ್ರಬಂಧ ಎಂದ ತಕ್ಷಣ ಅದನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬರುವುದೇಕೆ? ಪ್ರಬಂಧಕ್ಕೆ ನಾವು ಕಲಿಸಿದ ಅಚ್ಚು ಬೇರೆ, ಅದಕ್ಕೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪೀಠಿಕೆಗೆ ಒಂದು ಸುಭಾಷಿತವೋ ವಚನದ ಸಾಲೋ, ಉಪಸಂಹಾರಕ್ಕೆ ‘ನಾವೆಲ್ಲರೂ ಕೈಜೋಡಿಸೋಣ’. ಪರಿಸರ ಸಂರಕ್ಷಣೆಯಾಗಲಿ ಗ್ರಂಥಾಲಯದ ಮಹತ್ವವಾಗಲಿ ಈ ಅಚ್ಚಿಗೆ ಹೊಯ್ದರೆ ಅಂಕ ಸಿಗುತ್ತದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪರೀಕ್ಷೆಯಲ್ಲಿ ಪ್ರಬಂಧ ಕೇಳುವುದು ಭಾಷೆ ಬರುತ್ತದೆಯೋ ಇಲ್ಲವೋ ನೋಡಲು. ಪ್ರವೇಶದ ಪ್ರಬಂಧ ಕೇಳುವುದು ಈ ಹುಡುಗಿ ಯಾರು, ಕೇಳಿದ್ದಕ್ಕೆ ಉತ್ತರ ಹೇಳಬಲ್ಲಳೇ ಎಂದು ನೋಡಲು. ಎರಡಕ್ಕೂ ‘ಪ್ರಬಂಧ’ ಎಂಬ ಒಂದೇ ಹೆಸರಿಟ್ಟದ್ದರಿಂದಲೇ ಅರ್ಧ ತೊಂದರೆ.

ಒಂದು ಪ್ರಶ್ನೆಯನ್ನೇ ಎತ್ತಿಕೊಂಡು ನೋಡೋಣ. ಕ್ಯಾಲಿಫೋರ್ನಿಯಾದ ಎಂಟು ಪ್ರಶ್ನೆಗಳಲ್ಲಿ ಒಂದರ ಸಾರ ಇಷ್ಟು: ನಿಮ್ಮ ಶಾಲೆಯನ್ನೋ ಊರನ್ನೋ ಇನ್ನಷ್ಟು ಚೆನ್ನಾಗಿಸಲು ನೀವೇನು ಮಾಡಿದ್ದೀರಿ? ಬೆಳ್ಳಾವಿ ಹೋಬಳಿಯ ಹುಡುಗಿಯೊಬ್ಬಳು ಇದಕ್ಕೆ ನೀರಿನ ವಿಷಯ ಆರಿಸಿಕೊಂಡಳು ಎಂದಿಟ್ಟುಕೊಳ್ಳಿ. ಒಳ್ಳೆಯ ಆಯ್ಕೆಯೇ, ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ನೀರಿನ ಮಾತಿಗೆ ಬರವಿಲ್ಲ. ಅಭ್ಯಾಸಬಲದಿಂದ ಅವಳು ಹೇಮಾವತಿ ನದಿ ಹುಟ್ಟುವ ಮಲೆನಾಡಿನಿಂದ ಶುರುಮಾಡುತ್ತಾಳೆ, 1979ರಲ್ಲಿ ಮುಗಿದ ಗೊರೂರು ಅಣೆಕಟ್ಟೆಗೆ ಇಳಿಯುತ್ತಾಳೆ, ನಾಲೆಯ ನೀರು ಯಾರಿಗೆ ಎಷ್ಟು ಎಂಬ ಜಗಳಕ್ಕೆ ಬರುತ್ತಾಳೆ, ಲಿಂಕ್ ಕೆನಾಲ್ ವಿರೋಧದ ಹೋರಾಟವನ್ನೂ ಮುಟ್ಟುತ್ತಾಳೆ. ಇಷ್ಟರಲ್ಲಿ 300 ಪದ ಖರ್ಚು. ಉಳಿದ 50ರಲ್ಲಿ, ಗೆಳತಿಯರ ಜೊತೆ ಶಾಲೆಯ ನಲ್ಲಿ ನೀರಿನ ಲೆಕ್ಕವನ್ನು ಎರಡು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಹೆಡ್‌ಮಾಸ್ಟರ್ ಮುಂದೆ ಇಟ್ಟ ಸಂಗತಿಯನ್ನು ತುರುಕುತ್ತಾಳೆ. ಓದುವ ಅಧಿಕಾರಿಗೆ ಬೇಕಿದ್ದದ್ದು ಆ ನೋಟ್‌ಬುಕ್ಕು ಮಾತ್ರ. ಯಾರು ಬರೆದರು, ಯಾವ ಹೊತ್ತಿಗೆ, ಮೊದಲ ವಾರ ಏನು ತಪ್ಪಾಯಿತು, ಹೆಡ್‌ಮಾಸ್ಟರ್ ಏನಂದರು, ಆಮೇಲೆ ನಲ್ಲಿಗೆ ಏನಾಯಿತು. ಪ್ರಶ್ನೆಯಲ್ಲಿದ್ದ ಕ್ರಿಯಾಪದ ‘ಮಾಡಿದ್ದೀರಿ’, ಕರ್ತೃಪದ ‘ನೀವು’. ಇವೆರಡರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರೆ ಹೇಮಾವತಿಗೆ ಒಂದು ವಾಕ್ಯ ಸಾಕಾಗಿತ್ತು. 350ರ ಮಿತಿ ಇಲ್ಲಿ ಸಹಾಯಕ್ಕೇ ಇದೆ: ಇಷ್ಟು ಜಾಗದಲ್ಲಿ ನದಿಯ ಚರಿತ್ರೆ ಹಿಡಿಯುವುದಿಲ್ಲ, ನಿನ್ನ ಕೆಲಸ ಹಿಡಿಯುತ್ತದೆ ಎಂದು ಅದು ಮೊದಲೇ ಹೇಳಿಬಿಟ್ಟಿದೆ. ಪ್ರಶ್ನೆಯಲ್ಲಿ ‘ಏನು’ ಮತ್ತು ‘ಹೇಗೆ’ ಎರಡೂ ಇದ್ದರೆ ಎರಡಕ್ಕೂ ಉತ್ತರ ಬೇಕು. ‘ಯಾವುದಾದರೂ ಒಂದಕ್ಕೆ’ ಎಂದಿದ್ದರೆ ಮೂರು ಘಟನೆ ಪೋಣಿಸುವುದು ಧಾರಾಳತನವಲ್ಲ, ಪ್ರಶ್ನೆ ಓದಿಲ್ಲ ಎಂಬುದಕ್ಕೆ ಸಾಕ್ಷಿ.

ಚೆನ್ನಾಗಿ ಬರೆಯುವವರಿಗೆ ಇಂಥ ಕಟ್ಟುಪಾಡು ಏಕೆ, ಬರವಣಿಗೆ ಉಕ್ಕಿ ಬಂದಾಗ ಪದ ಎಣಿಸುತ್ತ ಕೂರಲಾದೀತೇ ಎಂಬ ಆಕ್ಷೇಪ ಇದ್ದೇ ಇದೆ. ಈ ಪ್ರಶ್ನೆಗೆ ನಮ್ಮ ದೇಶದ ದೊಡ್ಡ ಆಯ್ಕೆ ಪರೀಕ್ಷೆಯೊಂದೇ ಉತ್ತರ ಕೊಟ್ಟಿದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೆಂದೇ 250 ಅಂಕದ ಒಂದು ಪತ್ರಿಕೆಯಿದೆ. ಕನ್ನಡದಲ್ಲೂ ಬರೆಯಬಹುದು. ಎರಡು ಪ್ರಬಂಧ, ಒಂದೊಂದೂ 1,000ದಿಂದ 1,200 ಪದ. ಮುಖಪುಟದ ಸೂಚನೆಗಳಲ್ಲಿ, ಪ್ರವೇಶಪತ್ರದಲ್ಲಿ ಅನುಮತಿಸಿದ ಮಾಧ್ಯಮ ಬಿಟ್ಟು ಬೇರೆ ಮಾಧ್ಯಮದಲ್ಲಿ ಬರೆದ ಉತ್ತರಕ್ಕೆ ಅಂಕವೇ ಇಲ್ಲ ಎಂದಿದೆ. ಪದಮಿತಿ ಪಾಲಿಸಬೇಕು, ಖಾಲಿ ಬಿಟ್ಟ ಪುಟವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಬೇಕು ಎಂದೂ ಇದೆ. ಜಿಲ್ಲಾಧಿಕಾರಿಯಾಗಬೇಕಾದವರಿಗೆ ಖಾಲಿ ಪುಟ ಹೊಡೆದುಹಾಕಲು ಹೇಳುವುದೇ ಎಂದು ನಗಬಹುದು. ಆದರೆ ಆಯೋಗ ಹುಡುಕುತ್ತಿರುವುದು ಕವಿಯನ್ನಲ್ಲ. ಸುತ್ತೋಲೆಯನ್ನು ಕೊನೆಯವರೆಗೆ ಓದುವ ಅಧಿಕಾರಿಯನ್ನು. ಕಾಲೇಜಿನ ಪ್ರವೇಶ ವಿಭಾಗದ ಲೆಕ್ಕವೂ ಇದೇ. ಸೇರಿದ ಮೇಲೆ ನಾಲ್ಕು ವರ್ಷ ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡು, ಪ್ರಾಜೆಕ್ಟ್ ವರದಿ ಎಲ್ಲಕ್ಕೂ ಸೂಚನೆಗಳಿರುತ್ತವೆ. ಅರ್ಜಿಯಲ್ಲಿ ಓದದವನು ಅಲ್ಲಿ ಓದುತ್ತಾನೆ ಎಂದು ನಂಬಲು ಅವರಿಗೆ ಕಾರಣವಿಲ್ಲ. ಸಾವಿರಾರು ಅರ್ಜಿ ಮುಂದಿಟ್ಟುಕೊಂಡವರಿಗೆ ಕೆಳಗಿಡಲು ಒಂದು ನೆಪ ಬೇಕಿರುತ್ತದೆ ಎಂಬುದನ್ನೂ ಮರೆಯಬಾರದು. ಇನ್ನು ಮಿತಿ ಮೀರಿದ ಪದಗಳ ಗತಿ: ಕಾಮನ್ ಆ್ಯಪ್‌ನ ಪೆಟ್ಟಿಗೆ 650 ದಾಟಿದ ಪ್ರಬಂಧವನ್ನು ತೆಗೆದುಕೊಳ್ಳುವುದೇ ಇಲ್ಲ. ಉಕ್ಕಿ ಬಂದದ್ದು ಹೊರಗೇ ಉಳಿಯುತ್ತದೆ.

ಬೇರೆಯವರ ಕೈಲಿ ಬರೆಸುವ ದಾರಿಯ ಕತೆಯನ್ನು 2007ರ ಒಂದು ಪರಿಶೀಲನೆ ಚೆನ್ನಾಗಿ ಹೇಳುತ್ತದೆ. ಯುಕಾಸ್ 50,000ದಷ್ಟು ಅರ್ಜಿದಾರರ ಹೇಳಿಕೆಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿದಾಗ 234 ಮಂದಿ ಒಂದೇ ಘಟನೆ ಬರೆದಿದ್ದರು: ಎಂಟನೇ ಹುಟ್ಟುಹಬ್ಬದಂದು ರಸಾಯನಶಾಸ್ತ್ರದ ಆಟಿಕೆ ಸೆಟ್ಟಿನಲ್ಲಿ ಪ್ರಯೋಗ ಮಾಡಲು ಹೋಗಿ ಪೈಜಾಮ ಸುಟ್ಟುಕೊಂಡದ್ದು, ಅಂದಿನಿಂದ ವಿಜ್ಞಾನದ ಹುಚ್ಚು ಹತ್ತಿದ್ದು. 234 ಪೈಜಾಮಗಳೂ ಒಂದೇ ಮಾದರಿ ಹೇಳಿಕೆಯಿಂದ ಬಂದವು. ‘ನಿಮ್ಮ ಸ್ವಂತ ಮಾತಿನಲ್ಲಿ’ ಎಂಬ ಸೂಚನೆಯನ್ನು ಅವರು ಶಿಷ್ಟಾಚಾರದ ಮಾತು ಎಂದುಕೊಂಡಿದ್ದರು. ಈಗ ಗೈಡಿನ ಜಾಗಕ್ಕೆ ಮೊಬೈಲಿನ ಎಐ ಬಂದಿದೆ, ಅಷ್ಟೇ ವ್ಯತ್ಯಾಸ. ಕಾಮನ್ ಆ್ಯಪ್ 2023ರಿಂದ ಎಐ ಕೊಟ್ಟ ಬರಹವನ್ನು ತನ್ನದೆಂದು ಕೊಡುವುದನ್ನೂ ವಂಚನೆಯ ಪಟ್ಟಿಗೆ ಸೇರಿಸಿದೆ. ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ ಪ್ರಬಂಧಕ್ಕೆ ಅಂಕ ಕೊಡುವುದನ್ನೇ ನಿಲ್ಲಿಸಿತು; ಎಐ ಮತ್ತು ಬಾಡಿಗೆ ಸಲಹೆಗಾರರಿಂದಾಗಿ ಪ್ರಬಂಧ ವಿದ್ಯಾರ್ಥಿಯ ನಿಜವಾದ ಬರವಣಿಗೆಯ ಅಳತೆಯೆಂದು ನಂಬಲಾಗದು ಎಂಬುದು ಅಲ್ಲಿನ ಕಾರಣ. ಪ್ರಬಂಧವನ್ನು ಓದುವುದನ್ನು ಬಿಡಲಿಲ್ಲ. ವಿದ್ಯಾರ್ಥಿ ಯಾರೆಂದು ತಿಳಿಯಲು ಓದುತ್ತಾರೆ. ನಯವಾದ ವಾಕ್ಯಕ್ಕೆ ಬೆಲೆ ಇಳಿದಂತೆ ಬೆಳ್ಳಾವಿಯ ನಲ್ಲಿ ಲೆಕ್ಕದ ನೋಟ್‌ಬುಕ್ಕಿಗೆ ಬೆಲೆ ಏರಬೇಕು.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಪ್ರಬಂಧ, ಸಂದರ್ಶನ, ‘ವ್ಯಕ್ತಿತ್ವ’ ಇವೆಲ್ಲ ಬಂದರೆ ಬಡವರ ಮಕ್ಕಳಿಗೆ ಮೋಸ; ರ‍್ಯಾಂಕ್ ಒಂದೇ ನ್ಯಾಯ ಎಂಬುದು. ಕರ್ನಾಟಕದಲ್ಲಿ, ಅದರಲ್ಲೂ ತುಮಕೂರಿನಲ್ಲಿ, ಈ ಅನುಮಾನಕ್ಕೆ ಗಟ್ಟಿ ಬೇರುಗಳಿವೆ. ಡೊನೇಶನ್ ಕೊಟ್ಟವರಿಗೆ ಸೀಟು ಎಂಬ ಕಾಲವನ್ನು ತಡೆಯಲು ರಾಜ್ಯ 1984ರಲ್ಲಿ ಕ್ಯಾಪಿಟೇಶನ್ ನಿಷೇಧ ಕಾಯ್ದೆ ತಂದಿತು. ಆಮೇಲೂ 1989ರ ಸರ್ಕಾರಿ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ಎಂದು ಮೂರು ದರ ಗೊತ್ತುಮಾಡಿತು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಮೋಹಿನಿ ಜೈನ್ ಪ್ರಕರಣ ತುಮಕೂರಿನ ಅಗಳಕೋಟೆಯ ವೈದ್ಯಕೀಯ ಕಾಲೇಜಿನ ಸೀಟಿಗೇ ಸಂಬಂಧಿಸಿದ್ದು. 1992ರ ಆ ತೀರ್ಪು, ಅದರ ಬೆನ್ನಿಗೆ 1993ರ ಉನ್ನಿಕೃಷ್ಣನ್ ತೀರ್ಪು ಬಂದ ಮೇಲೆ ರ‍್ಯಾಂಕ್ ಪಟ್ಟಿಯ ಪ್ರಕಾರ ಸೀಟು ಹಂಚುವ ಪದ್ಧತಿ ನೆಲೆಯೂರಿತು. ಹೀಗೆ ಬಂದ ರ‍್ಯಾಂಕನ್ನು ನಮ್ಮ ಜನ ನಂಬುವುದರಲ್ಲಿ ಆಶ್ಚರ್ಯವಿಲ್ಲ. ಪ್ರಬಂಧದ ಜಾತಕವೂ ಶುದ್ಧವಲ್ಲ: ಅಂಕ ಬಿಟ್ಟು ಗುಣನಡತೆ ನೋಡುವ ಪದ್ಧತಿಯನ್ನು ಅಮೆರಿಕದ ದೊಡ್ಡ ಕಾಲೇಜುಗಳು 1920ರ ದಶಕದಲ್ಲಿ ಬಳಸಿದ್ದು ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ತಗ್ಗಿಸಲು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 60,000 ಅರ್ಜಿದಾರರ ಪ್ರಬಂಧಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರಬಂಧದ ವಿಷಯಕ್ಕೂ ಮನೆಯ ಆದಾಯಕ್ಕೂ ಇರುವ ನಂಟು ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕಕ್ಕೂ ಆದಾಯಕ್ಕೂ ಇರುವ ನಂಟಿಗಿಂತ ಗಟ್ಟಿ ಎಂದು ಕಂಡುಕೊಂಡಿತು.

ಅಂದಮೇಲೆ ಆಕ್ಷೇಪ ನಿಜವೇ. ಅದರಿಂದ ಹೊರಡುವ ತೀರ್ಮಾನ ಮಾತ್ರ ಬೇರೆಯಾಗಬೇಕು. ಪ್ರಬಂಧದಲ್ಲಿ ದುಡ್ಡಿಗೆ ಸಿಗುವುದು ಹಲವಿದೆ: ಸಲಹೆಗಾರ, ತಿದ್ದುವ ಮೇಷ್ಟ್ರು, ಬರೆದುಕೊಳ್ಳಲು ಒಂದು ವಿದೇಶ ಪ್ರವಾಸ. ದುಡ್ಡಿಲ್ಲದೆ, ಎಲ್ಲರಿಗೂ ಒಂದೇ ಆಗಿ, ಬಹಿರಂಗವಾಗಿ ಸಿಗುವುದು ಸೂಚನೆ ಒಂದೇ. ಸದಾಶಿವನಗರದ ಹುಡುಗನಿಗೂ ಬೆಳ್ಳಾವಿಯ ಹುಡುಗಿಗೂ ಅದೇ 350, ಅದೇ ಕ್ರಿಯಾಪದ, ಅದೇ ಕಡೆಯ ದಿನಾಂಕ. ಸಿಇಟಿಯ ಸಮಪಾತಳಿಯ ಒಂದು ಚೂರು ಪ್ರಬಂಧದ ಅರ್ಜಿಯಲ್ಲೂ ಉಳಿದಿದೆ ಎಂದಾದರೆ ಅದು ಈ ಸಾಲುಗಳಲ್ಲಿ. ಸೂಚನೆ ಪಾಲಿಸಿದರೆ ಸೀಟು ಖಾತ್ರಿ ಎನ್ನುತ್ತಿಲ್ಲ; ಅನುಕೂಲಸ್ಥರ ಮಕ್ಕಳಿಗೆ ಅದನ್ನು ನೆನಪಿಸಲು ಸಂಬಳದ ಮನುಷ್ಯನಿರುತ್ತಾನೆ, ನಮ್ಮವರು ತಾವೇ ಓದಬೇಕು ಎನ್ನುತ್ತಿದ್ದೇನೆ.

ಇಂಗ್ಲಿಷಿನ ಅಂಜಿಕೆಗೆ ಒಂದೆರಡು ಮಾತು. ಊರಿನ ಹೆಸರನ್ನೇ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ‘ವಿಜ್ಞಾನ’ ಪತ್ರಿಕೆ ನಡೆಸಿ, ಕಷ್ಟದ ವಿಷಯವನ್ನು ಕನ್ನಡದ ಓದುಗನಿಗೆ ನೇರವಾಗಿ ಹೇಳಲು ಹೊರಟವರು. ಕಠಿಣವಾದದ್ದನ್ನು ಕನ್ನಡದಲ್ಲಿ ಮೊದಲು ಯೋಚಿಸಬಹುದು ಎಂಬುದಕ್ಕೆ ಬೆಳ್ಳಾವಿಯವರು ಬೇರೆ ಪುರಾವೆ ಹುಡುಕಬೇಕಿಲ್ಲ. ಮೊದಲ ಕರಡು ಕನ್ನಡದಲ್ಲಿರಲಿ. ಏನಾಯಿತು ಎಂಬುದು ಅಲ್ಲಿ ಸರಾಗ ಬರುತ್ತದೆ. ಆದರೆ ಎಣಿಕೆಯ ಬಗ್ಗೆ ಎಚ್ಚರ. ಕನ್ನಡ ಒಂದು ಪದದಲ್ಲಿ ಮೂರ‍್ನಾಲ್ಕನ್ನು ಕಟ್ಟಿಡುವ ಭಾಷೆ. ‘ಬರೆಯಬೇಕಾಗಿತ್ತಂತೆ’ ಎಂಬ ಒಂದು ಪದ ಇಂಗ್ಲಿಷಿಗೆ ಹೋದರೆ ಆರೇಳು ಪದ. ಕನ್ನಡದಲ್ಲಿ 350 ಪದ ಬರೆದು ನಿಶ್ಚಿಂತೆಯಿಂದ ಇಂಗ್ಲಿಷಿಗಿಳಿಸಿದರೆ 500 ದಾಟಿರುತ್ತದೆ. 220ರ ಸುತ್ತಮುತ್ತ ನಿಲ್ಲಿಸಿ. ಇಂಗ್ಲಿಷಿಗೆ ತರುವಾಗ ದೊಡ್ಡ ಪದಗಳ ಹಿಂದೆ ಹೋಗಬೇಡಿ. ಚಿಕ್ಕ ವಾಕ್ಯದಲ್ಲಿ ವ್ಯಾಕರಣ ತಪ್ಪುವ ಜಾಗ ಕಡಿಮೆ. ಇಂಗ್ಲಿಷ್ ಮೇಷ್ಟ್ರಿಗೆ ತೋರಿಸುವುದರಲ್ಲಿ ತಪ್ಪಿಲ್ಲ, ಅವರು ತಿದ್ದಲಿ, ಬರೆದುಕೊಡುವುದು ಬೇಡ. ತೋರಿಸುವಾಗ ಪ್ರಬಂಧದ ಜೊತೆ ಸೂಚನೆಯ ಹಾಳೆಯನ್ನೂ ಕೊಡಿ. ಸೂಚನೆ ನೋಡದ ಮೇಷ್ಟ್ರು ಪೀಠಿಕೆಯೆಲ್ಲಿ ಎಂದು ಕೇಳಿಯೇ ಕೇಳುತ್ತಾರೆ.

ಇನ್ನು ಉಳಿದದ್ದು ಯಂತ್ರದ ಕೆಲಸ, ಅಲ್ಲೂ ಎಡವುವವರುಂಟು. ಕನ್ನಡದಲ್ಲಿ ಪ್ರಬಂಧ ಕೇಳುವ ಅರ್ಜಿಗೆ ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿ ಅಂಟಿಸಿದರೆ ಅತ್ತ ಕಡೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಯೂನಿಕೋಡಿನಲ್ಲೇ ಇರಬೇಕು. ಅಂಟಿಸಿದ ಮೇಲೆ ಕೊನೆಯ ವಾಕ್ಯ ಪೂರ್ತಿ ಇದೆಯೇ ನೋಡಿ, ಕೆಲವು ಪೆಟ್ಟಿಗೆಗಳು ಮಿತಿ ಮೀರಿದ್ದನ್ನು ಸದ್ದಿಲ್ಲದೆ ಕತ್ತರಿಸುತ್ತವೆ. ಒಂದು ಕಾಲೇಜಿನ ಹೆಸರು ಇನ್ನೊಂದರ ಪ್ರಬಂಧದಲ್ಲಿ ಉಳಿದುಬಿಡುವುದು ಎಲ್ಲ ದೇಶದಲ್ಲೂ ನಡೆಯುವ ಅವಿವೇಕ. ಪಿಡಿಎಫ್ ಎಂದರೆ ಪಿಡಿಎಫ್, ಫೋಟೋ ಅಲ್ಲ. ಕಡೆಯ ದಿನದ ಜೊತೆಗೆ ಕಡೆಯ ಗಂಟೆ ಯಾವ ದೇಶದ್ದು ಎಂದೂ ಓದಿ. ಯುಕಾಸ್‌ನ ಜನವರಿ ಗಡುವು ಬ್ರಿಟನ್ನಿನ ಸಂಜೆ 6 ಗಂಟೆಗೆ. ಇಲ್ಲಿ ಆಗ ರಾತ್ರಿ ಹನ್ನೊಂದೂವರೆ. ಆ ಹೊತ್ತಿಗೆ ತುಮಕೂರಿನ ಸೈಬರಿನವರು ಬಾಗಿಲೆಳೆದು ಮನೆಗೆ ಹೋಗಿ ಬಹಳ ಹೊತ್ತಾಗಿರುತ್ತದೆ. ಎರಡು ದಿನ ಮೊದಲೇ, ಹಗಲು ಹೊತ್ತಿನಲ್ಲಿ ಹೋಗಿ, ಕುರ್ಚಿಯಲ್ಲಿ ನೀವೇ ಕೂತುಕೊಳ್ಳಿ.